21ನೇ ದಿನಕ್ಕೆ ಗಂಡುಮರಿ ಬೇರೆ: ಗಿನಿಪಿಗ್ ಸಾಕಣೆಯಲ್ಲಿ ನನ್ನ ಅನುಭವ

‘ಎರಡೂ ಹೆಣ್ಣೇ’ ಎಂದು ಅಂಗಡಿಯವರು ಕೊಟ್ಟ ಜೋಡಿಯನ್ನು ನಾನು ಆ ಮಾತು ನಂಬಿ ಒಂದೇ ಗೂಡಿಗೆ ಬಿಡುವುದಿಲ್ಲ. ಅಂಗಡಿಗಳಲ್ಲಿ ಗಂಡು ಹೆಣ್ಣು ಒಂದೇ ಟಬ್‌ನಲ್ಲಿ ಇರುವುದೇ ಹೆಚ್ಚು, ಹಾಗಾಗಿ ತರುವಾಗಲೇ ಹೆಣ್ಣು ಗಬ್ಬ ಆಗಿರಬಹುದು. ಗಬ್ಬದ ಅವಧಿ 59ರಿಂದ 72 ದಿನ. ತಂದ ತಾರೀಖು ಕ್ಯಾಲೆಂಡರ್‌ನಲ್ಲಿ ಬರೆದಿಟ್ಟು, 72 ದಿನ ಕಳೆಯುವ ತನಕ ಗಬ್ಬವೆಂದೇ ನೋಡಿಕೊಳ್ಳುತ್ತೇನೆ. ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಕ.

ಗಂಡೋ ಹೆಣ್ಣೋ ನೋಡುವುದು ಬೆರಳಿನ ಕೆಲಸ. ಮೊಲೆತೊಟ್ಟು ನೋಡಿ ಹೇಳುವಂತಿಲ್ಲ, ಗಂಡಿಗೂ ಎರಡು ಇರುತ್ತವೆ. ತೊಡೆಯ ಮೇಲೆ ಟವೆಲ್ ಹಾಸಿ, ಎದೆಗೂ ಹಿಂಭಾಗಕ್ಕೂ ಆಧಾರ ಕೊಟ್ಟು ಅಂಗಾತ ಹಿಡಿಯಿರಿ. ಜನನಾಂಗದಿಂದ ಸ್ವಲ್ಪ ಮೇಲೆ, ಹೊಟ್ಟೆಯ ಕಡೆ ಹೆಬ್ಬೆರಳಿಟ್ಟು ಹಗುರವಾಗಿ ಒತ್ತಿ. ಗಂಡಾದರೆ ಚರ್ಮದ ಕೆಳಗೆ ಸಣ್ಣ ಕಡ್ಡಿಯಂಥದ್ದು ಬೆರಳಿಗೆ ತಾಕುತ್ತದೆ, ಇನ್ನೊಂದಿಷ್ಟು ಒತ್ತಿದರೆ ತುದಿ ಹೊರಬರುತ್ತದೆ. ಹೆಣ್ಣಿನಲ್ಲಿ ಇಂಗ್ಲಿಷಿನ ವೈ ಅಕ್ಷರದಂಥ ಸೀಳು, ಅದಕ್ಕೆ ತೆಳು ಪೊರೆ. ಬೆದೆ ಮತ್ತು ಮರಿ ಹಾಕುವ ಹೊತ್ತು ಬಿಟ್ಟರೆ ಆ ಪೊರೆ ಮುಚ್ಚಿಯೇ ಇರುತ್ತದೆ, ಬಿಡಿಸಿ ನೋಡಲು ಹೋಗಬೇಡಿ. ಮರಿಗಳನ್ನು ಒಂದೇ ಸಲ ನೋಡಿ ತೀರ್ಮಾನಿಸುವುದಿಲ್ಲ. 14ನೇ ದಿನ ಒಮ್ಮೆ, 20ನೇ ದಿನ ಇನ್ನೊಮ್ಮೆ ನೋಡುತ್ತೇನೆ.

21ನೇ ದಿನ ಗಂಡುಮರಿಗಳು ತಾಯಿಯ ಗೂಡು ಬಿಡಬೇಕು. ‘ಇನ್ನೂ ಎಳೆ ಮರಿ, ಹಾಲು ಕುಡಿಯಲಿ’ ಎಂದು ವಾರಗಟ್ಟಲೆ ಬಿಡುವವರೇ ಹೆಚ್ಚು, ಎಡವುವುದೂ ಅಲ್ಲೇ. ಈ ಮರಿಗಳು ಹುಟ್ಟುವಾಗಲೇ ಕಣ್ಣು ಬಿಟ್ಟು, ಮೈತುಂಬ ಕೂದಲಿರುತ್ತವೆ, ಒಂದೆರಡು ದಿನದಲ್ಲೇ ಹುಲ್ಲು ಕಡಿಯುತ್ತವೆ. ಮೂರು ವಾರಕ್ಕೆ ತಾಯಿ ಬಿಟ್ಟು ಬದುಕುತ್ತವೆ, ಅಷ್ಟರಿಂದಲೇ ಗಂಡುಮರಿ ತಾಯಿಯನ್ನೂ ಜೊತೆಯ ಹೆಣ್ಣುಮರಿಯನ್ನೂ ಗಬ್ಬ ಕಟ್ಟಿಸಬಲ್ಲದು. ಹೆಣ್ಣುಮರಿ ನಾಲ್ಕೈದು ವಾರಕ್ಕೇ ಬೆದೆಗೆ ಬರಬಹುದು. ಆ ವಯಸ್ಸಿನಲ್ಲಿ ಗಬ್ಬ ಕಟ್ಟಿದರೆ ಅದರ ಮೈ ಬೆಳವಣಿಗೆ ಕುಂಠಿತವಾಗಬಹುದು, ಜೀವಕ್ಕೂ ಕುತ್ತು.

ದೊಡ್ಡ ಗಂಡನ್ನು ಮರಿ ಹಾಕುವ ಮೊದಲೇ ತೆಗೆದಿರಬೇಕು. ಮರಿ ಹಾಕಿದ ಕೆಲವೇ ಗಂಟೆಯಲ್ಲಿ ತಾಯಿ ಮತ್ತೆ ಬೆದೆಗೆ ಬರುತ್ತದೆ. ಬೆಳಿಗ್ಗೆ ಮರಿ ನೋಡಿ ಗಂಡನ್ನು ಎತ್ತಿದರೆ ತಡವಾಗಿರುತ್ತದೆ.

ಬೇರ್ಪಡಿಸಿದ ಗಂಡುಮರಿಯನ್ನು ಅಪ್ಪನ ಜೊತೆ ಬಿಡಬಹುದು, ಸಾಮಾನ್ಯವಾಗಿ ಒಗ್ಗುತ್ತದೆ. ಎರಡು ಗಂಡು ಸರಿ, ಮೂರಾದರೆ ಜಗಳ. ಹೆಣ್ಣಿನ ವಾಸನೆ ಬಡಿದರೆ ಎರಡರ ನಡುವೆಯೂ ಹಲ್ಲು ಕಟಕಟ ಶುರುವಾಗುತ್ತದೆ, ಹಾಗಾಗಿ ಗಂಡಿನ ಗೂಡು ಬೇರೆ ಕೋಣೆಯಲ್ಲಿ. ಹೆಣ್ಣಿನ ಜೋಡಿಗೆ 4 ಅಡಿ ಉದ್ದ 2 ಅಡಿ ಅಗಲ ಸಾಕು, ಗಂಡಿನ ಜೋಡಿಗೆ 5 ಅಡಿ ಉದ್ದ ಕೊಡುತ್ತೇನೆ. ಎರಡು ಬಟ್ಟಲು, ಎರಡು ಅಡಗುತಾಣ. ಸುತ್ತ ಅರ್ಧ ಇಂಚಿನ ಜಾಲರಿ, ತಳಕ್ಕೆ ಮಾತ್ರ ಜಾಲರಿ ಬೇಡ, ಪಾದ ಹುಣ್ಣಾಗುತ್ತದೆ. ಗಂಡಿಗೆ ಬೀಜ ತೆಗೆಯುವ ಶಸ್ತ್ರಚಿಕಿತ್ಸೆ ಮಾಡಿಸಿದರೂ 6 ವಾರ ಬೇರೆಯೇ ಇರಲಿ, ಅಲ್ಲಿಯವರೆಗೆ ಗಬ್ಬ ಕಟ್ಟಿಸಬಲ್ಲದು.

ಮೇವಿಗೆ ನಮ್ಮ ಕೋಲಾರದ ಕಡೆ ಕೊರತೆಯಿಲ್ಲ. ಹುಲ್ಲು ಸದಾ ಮುಂದಿರಲಿ. ಇವುಗಳ ಮೈ ಸಿ ಜೀವಸತ್ವ ತಯಾರಿಸಿಕೊಳ್ಳುವುದಿಲ್ಲ, ದಿನಾ ಒಂದು ತುಂಡು ದೊಣ್ಣೆಮೆಣಸು ಬೇಕು, ಗಬ್ಬದ ಹೆಣ್ಣಿಗೆ ಇನ್ನೂ ಹೆಚ್ಚು. ಹಿಪ್ಪುನೇರಳೆ ಸೊಪ್ಪನ್ನು ಔಷಧಿ ಹೊಡೆಯದ ತೋಟದಿಂದ ತರುತ್ತೇನೆ. ರೇಷ್ಮೆ ಹುಳು ತಿಂದು ಬಿಟ್ಟ ಸೊಪ್ಪು ಬೇಡವೇ ಬೇಡ, ಅದರಲ್ಲಿ ಸುಣ್ಣದ ಪುಡಿ ಇರುತ್ತದೆ.

ಇಷ್ಟೆಲ್ಲ ಮಾಡಿಯೂ ಕೈ ತಪ್ಪುವುದು ಗೂಡು ತೊಳೆಯುವ ದಿನ. ‘ಹತ್ತೇ ನಿಮಿಷ’ ಎಂದು ಎಲ್ಲವನ್ನೂ ಒಂದೇ ಕಡೆ ಬಿಡುತ್ತಾರೆ, ಕೂಡುವುದಕ್ಕೆ ಒಂದು ನಿಮಿಷವೂ ಬೇಡ. 15 ಕೆಜಿ ಹಣ್ಣು ಹಿಡಿಸುವ ಟೊಮ್ಯಾಟೊ ಕ್ರೇಟ್ ಎರಡು ಇಟ್ಟುಕೊಳ್ಳಿ. ಅಂಟಿರುವ ಎಲೆ, ಕಾಂಡ ತೆಗೆದು ತೊಳೆಯಿರಿ, ಟೊಮ್ಯಾಟೊ ಸೊಪ್ಪು ಇವಕ್ಕೆ ವಿಷ. ಸಂದಿಯಲ್ಲಿ ಕಾಲು ಸಿಗದಂತೆ ತಳಕ್ಕೆ ರಟ್ಟು ಹಾಸಿ. ನನ್ನಲ್ಲಿ ನೀಲಿ ಕ್ರೇಟ್ ಗಂಡಿಗೆ, ಕೆಂಪು ಹೆಣ್ಣಿಗೆ. ಮನೆಯಲ್ಲಿ ಯಾರು ತೊಳೆದರೂ ಬಣ್ಣ ನೋಡಿಯೇ ಬಿಡುತ್ತಾರೆ.