ಸರಾಸರಿ ಏರಿತು, ಯಾರಿಗೆ ನೀರು ಸಿಕ್ಕಿತು?

ಸುಸ್ಥಿರ ಅಭಿವೃದ್ಧಿಯ ಪ್ರಗತಿ ವರದಿಗಳಿಗೆ ಅಂಕಿಅಂಶ ಸಿದ್ಧ ಮಾಡುವುದು ನನ್ನ ಕೆಲಸ. 2015ರಲ್ಲಿ ವಿಶ್ವಸಂಸ್ಥೆಯ ದೇಶಗಳು ಒಪ್ಪಿಕೊಂಡಿದ್ದು 17 ಗುರಿ, 169 ಉಪಗುರಿ. ಅವನ್ನು ಅಳೆಯುವ ಸೂಚಕಗಳ ಪಟ್ಟಿಗೆ 2017ರಲ್ಲಿ ಮಹಾಸಭೆಯ ಒಪ್ಪಿಗೆ ಸಿಕ್ಕಿತು. ಇನ್ನೂರ ಮೂವತ್ತಕ್ಕೂ ಜಾಸ್ತಿ ಸೂಚಕಗಳಿವೆ. ಎಲ್ಲದರ ಬಗ್ಗೆ ಹೇಳಹೊರಟರೆ ಯಾವುದೂ ಅರ್ಥವಾಗುವುದಿಲ್ಲ. ಸುರಕ್ಷಿತ ಕುಡಿಯುವ ನೀರು ಶೇಕಡಾ ಎಷ್ಟು ಜನರಿಗೆ ಸಿಗುತ್ತದೆ ಎಂದು ಅಳೆಯುವ ಸೂಚಕ 6.1.1 ಒಂದನ್ನೇ ಬಿಡಿಸಿ ಹೇಳುತ್ತೇನೆ.

ಅಂಕಿಗಳ ಕಡತ ತೆರೆಯುವ ಮೊದಲು ನಾನು ಮೆಟಾಡೇಟಾ ಓದುತ್ತೇನೆ. ಏನನ್ನು ಎಣಿಸಬೇಕು, ಏನನ್ನು ಬಿಡಬೇಕು ಎಂಬುದೆಲ್ಲ ಅಲ್ಲೇ ಇರುತ್ತದೆ. ಈ ಸೂಚಕದಲ್ಲಿ ಒಬ್ಬರನ್ನು ಎಣಿಕೆಗೆ ಸೇರಿಸಬೇಕಾದರೆ ನೀರಿನ ಮೂಲ ‘ಸುಧಾರಿತ’ವಾಗಿರಬೇಕು, ಅಂದರೆ ನಲ್ಲಿ, ಕೊಳವೆಬಾವಿಯಂತೆ ಹೊರಗಿನ ಕೊಳೆ ಸುಲಭವಾಗಿ ಸೇರದಂತೆ ಕಟ್ಟಿದ್ದಾಗಿರಬೇಕು. ಜೊತೆಗೆ ಇನ್ನೂ ಮೂರು ಷರತ್ತು: ನೀರು ಮನೆಯ ಆವರಣದಲ್ಲೇ ಇರಬೇಕು, ಬೇಕಾದಾಗ ಸಿಗಬೇಕು, ಅದರಲ್ಲಿ ಮಲದ ಸೋಂಕಾಗಲಿ ಫ್ಲೋರೈಡ್, ಆರ್ಸೆನಿಕ್‌ನಂಥ ರಾಸಾಯನಿಕಗಳ ಅಪಾಯವಾಗಲಿ ಇರಬಾರದು. ಹೋಗಿ, ಸರದಿಯಲ್ಲಿ ನಿಂತು, ತುಂಬಿಕೊಂಡು ಬರಲು 30 ನಿಮಿಷದೊಳಗೆ ಸಾಕಾದರೆ ಅದು ‘ಮೂಲಭೂತ’ ಸೇವೆ ಅಷ್ಟೇ, 6.1.1ಕ್ಕೆ ಸೇರುವುದಿಲ್ಲ. ಸಮೀಕ್ಷೆಯಲ್ಲಿ ‘ನಿಮ್ಮ ಮನೆಯಲ್ಲಿ ನಲ್ಲಿ ಇದೆಯೇ?’ ಎಂದು ಮಾತ್ರ ಕೇಳಿದ್ದರೆ ಆ ಉತ್ತರದಿಂದ ಈ ಸೂಚಕ ಹುಟ್ಟುವುದಿಲ್ಲ. ನಲ್ಲಿ ಇದ್ದೂ ವಾರಕ್ಕೊಮ್ಮೆ ನೀರು ಬರಬಹುದು ಅಲ್ವಾ?

ಮೂರು ಷರತ್ತುಗಳ ಮಾಹಿತಿ ಸಾಮಾನ್ಯವಾಗಿ ಬೇರೆ ಬೇರೆ ಕಡೆಯಿಂದ ಬರುತ್ತದೆ. ಉದಾಹರಣೆಗೆ, ಆವರಣದಲ್ಲೇ ನೀರಿರುವವರು ಶೇ. 90, ಬೇಕಾದಾಗ ಸಿಗುವವರು ಶೇ. 75, ಶುದ್ಧ ನೀರು ಸಿಗುವವರು ಶೇ. 50 ಎಂದುಕೊಳ್ಳಿ. ಇಲ್ಲಿ ಸರಾಸರಿ ತೆಗೆಯುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್‌ನ ಜಂಟಿ ಕಾರ್ಯಕ್ರಮ ಮೂರರಲ್ಲಿ ಕಡಿಮೆ ಇರುವುದನ್ನೇ ತೆಗೆದುಕೊಳ್ಳುತ್ತದೆ, ನಾನೂ ಹಾಗೇ ಮಾಡುತ್ತೇನೆ. ಆ 50 ಕೂಡ ಹೆಚ್ಚೆಂದರೆ 50. ಮೂರೂ ಒಟ್ಟಿಗೆ ಸಿಗುವವರು ಅದಕ್ಕಿಂತ ಕಡಿಮೆಯೇ ಇರಬಹುದು.

ಇನ್ನು ವೇಗ. ‘ಏರಿಕೆಯಾಗಿದೆ’ ಎಂಬ ಬಾಣದ ಗುರುತನ್ನು ಸುಮ್ನೆ ಹಾಕಿ ಮುಗಿಸುವುದು ನನಗೆ ಒಪ್ಪಿಗೆಯಿಲ್ಲ. 2015ರಲ್ಲಿ ಶೇ. 60 ಇದ್ದದ್ದು 2023ಕ್ಕೆ 70 ಆಯಿತು, 2030ಕ್ಕೆ 100 ಆಗಬೇಕು ಅನ್ನಿ. ಇಲ್ಲಿಯವರೆಗೆ ವರ್ಷಕ್ಕೆ 1.25 ಅಂಕ ಏರಿದೆ. ಉಳಿದ 7 ವರ್ಷದಲ್ಲಿ 30 ಅಂಕ, ಅಂದರೆ ವರ್ಷಕ್ಕೆ ಸುಮಾರು 4.3 ಏರಬೇಕು. ವೇಗ ಮೂರು ಪಟ್ಟಿಗಿಂತ ಜಾಸ್ತಿ ಆಗದಿದ್ದರೆ ಗುರಿ ತಪ್ಪುತ್ತದೆ. ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಬರೆದರೆ ಓದುವವರಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ.

ನನಗೆ ಅತಿ ಮುಖ್ಯ ಅನಿಸುವುದು ಸರಾಸರಿಯ ಒಳಗೆ ಏನಾಗಿದೆ ಎಂಬುದು. ಪಟ್ಟಣದಲ್ಲಿ ಶೇ. 90, ಹಳ್ಳಿಯಲ್ಲಿ ಶೇ. 40 ಜನರಿಗೆ ನೀರಿದೆ, ಜನಸಂಖ್ಯೆ ಅರ್ಧರ್ಧ ಎಂದುಕೊಳ್ಳಿ. ಸರಾಸರಿ 65. ಮುಂದೆ ಶೇ. 70ರಷ್ಟು ಜನ ಪಟ್ಟಣದಲ್ಲಿ ನೆಲೆಸಿದರೆ ಸರಾಸರಿ 75 ಆಗುತ್ತದೆ. ಹತ್ತು ಅಂಕ ಏರಿಕೆ! ಆದರೆ ಹಳ್ಳಿಯಲ್ಲಿ ಉಳಿದವರಲ್ಲಿ ನೀರು ಸಿಗುವುದು ಈಗಲೂ ಶೇ. 40 ಮಂದಿಗೆ ಮಾತ್ರ. ಅದಕ್ಕೇ ಪ್ರತಿ ಏರಿಕೆಯನ್ನೂ ಎರಡಾಗಿ ಒಡೆಯುತ್ತೇನೆ: ಸೇವೆ ಸುಧಾರಿಸಿದ್ದರಿಂದ ಎಷ್ಟು, ಜನ ಜಾಗ ಬದಲಿಸಿದ್ದರಿಂದ ಎಷ್ಟು. ಈ ಗುರಿಗಳನ್ನು ಒಪ್ಪಿದ ದೇಶಗಳು ಯಾರನ್ನೂ ಹಿಂದೆ ಬಿಡುವುದಿಲ್ಲ ಎಂದು ಮಾತು ಕೊಟ್ಟ ಮೇಲೆ ಈ ಲೆಕ್ಕ ಬಿಟ್ಟರೆ ಉಳಿದದ್ದಕ್ಕೆ ಅರ್ಥವೇ ಇಲ್ಲ.

ಇದೇ ಕಾರಣಕ್ಕೆ 17 ಗುರಿಗಳನ್ನೂ ಸೇರಿಸಿ ಒಂದೇ ಅಂಕ ಕೊಡಿ ಎಂದಾಗ ನಾನು ಒಪ್ಪುವುದಿಲ್ಲ. ನೀರಿನ ಕೊರತೆಯನ್ನು ಇಂಟರ್ನೆಟ್ ಸಂಪರ್ಕದ ಏರಿಕೆ ಮುಚ್ಚಿಬಿಡುತ್ತದೆ. ಆರೋಗ್ಯ, ಶಿಕ್ಷಣ, ಆದಾಯವನ್ನು ಒಂದೇ ಅಂಕವಾಗಿಸುವ ಮಾನವ ಅಭಿವೃದ್ಧಿ ಸೂಚ್ಯಂಕ 2010ರಲ್ಲಿ ಸಾದಾ ಸರಾಸರಿ ಬಿಟ್ಟು ಗುಣೋತ್ತರ ಸರಾಸರಿಗೆ (ಕೂಡುವ ಬದಲು ಗುಣಿಸಿ ತೆಗೆಯುವುದರಿಂದ ಒಂದರ ಕೊರತೆ ಇನ್ನೊಂದರಿಂದ ಸುಲಭವಾಗಿ ಮುಚ್ಚಿಹೋಗದ ಸರಾಸರಿಗೆ) ಬದಲಾಗಲು ಈ ತೊಡಕೂ ಒಂದು ಕಾರಣ.

ಗುಂಪುಗಳಾಗಿ ಒಡೆದಾಗ ಇನ್ನೊಂದು ಕಷ್ಟ ಬರುತ್ತದೆ. ಚಿಕ್ಕ ಗುಂಪಿನಿಂದ ಸಮೀಕ್ಷೆಗೆ ಸಿಕ್ಕ ಕುಟುಂಬಗಳೂ ಕಡಿಮೆ. ಅಂದಾಜು ಶೇ. 30 ಬಂದು, ಅದರ ವಿಶ್ವಾಸಾರ್ಹ ಮಿತಿ (ನಿಜವಾದ ಸಂಖ್ಯೆ ಇರಬಹುದಾದ ವ್ಯಾಪ್ತಿ) 15ರಿಂದ 45ರವರೆಗೆ ಹರಡಿದ್ದರೆ ಹಿಂದಿನ ಸಲದ 35ರ ಜೊತೆ ಹೋಲಿಸಿ ‘ಇಳಿಕೆ’ ಅನ್ನಲಾಗದು. ಆಗ ಮಿತಿಯನ್ನು ಸಂಖ್ಯೆಯ ಪಕ್ಕದಲ್ಲೇ ಬರೆಯುತ್ತೇನೆ. ಮಾಹಿತಿಯೇ ಸಿಗದ ಕಡೆ ಸೊನ್ನೆಯನ್ನಾಗಲಿ ಒಟ್ಟು ಸರಾಸರಿಯನ್ನಾಗಲಿ ತುಂಬುವುದಿಲ್ಲ, ‘ಮಾಹಿತಿ ಇಲ್ಲ’ ಎಂದೇ ಬಿಡುತ್ತೇನೆ. ಮುಂದಿನ ಸಮೀಕ್ಷೆಯಲ್ಲಿ ಆ ಗುಂಪಿನಿಂದ ಹೆಚ್ಚು ಕುಟುಂಬಗಳನ್ನು ಆರಿಸಿ ಎಂಬ ಕೋರಿಕೆಯನ್ನು ಅದೇ ಕೋಷ್ಟಕದ ಕೆಳಗೆ ಸೇರಿಸುತ್ತೇನೆ.