ಲೋಕೊ ಪೈಲಟ್ (ರೈಲು ಚಾಲಕ) ಆಗಬೇಕೇ? ಅರ್ಜಿ ಹಾಕುವ ಮೊದಲು ಕಣ್ಣು ತೋರಿಸಿ ಬನ್ನಿ

ಕೊಡಗಿನಲ್ಲಿ ರೈಲು ಹಳಿಯೇ ಇಲ್ಲ. ಹಾಗಾಗಿ ರೈಲ್ವೆ ಕೆಲಸ ಹತ್ತಿರದಿಂದ ನೋಡಿದವರು, ಕೇಳಿದರೆ ಹೇಳುವವರು ಊರಲ್ಲಿ ಕಡಿಮೆ. ಕೋಚಿಂಗ್ ಸೇರಿ, ಪರೀಕ್ಷೆ ಗೆದ್ದು, ದಾಖಲೆ ಪರಿಶೀಲನೆಯನ್ನೂ ಮುಗಿಸಿದ ಮೇಲೆ ಮೆಡಿಕಲ್‌ನಲ್ಲಿ ಕಣ್ಣಿನ ಕಾರಣಕ್ಕೆ ಹೊರಬಿದ್ದರೆ ಅಷ್ಟೂ ದುಡಿಮೆ ನೀರುಪಾಲು. ಬದಲಿಗೆ ಬೇರೆ ಹುದ್ದೆಯನ್ನೂ ಕೊಡುವುದಿಲ್ಲ. ಆದ್ದರಿಂದ ಪುಸ್ತಕ ಕೊಳ್ಳುವ ಮೊದಲು ಕಣ್ಣು ಪರೀಕ್ಷಿಸಿಕೊಳ್ಳಿ.

ಅಧಿಸೂಚನೆಯಲ್ಲಿ ಪ್ರತಿ ಹುದ್ದೆಯ ಎದುರಿಗೂ ಎ1, ಎ2, ಎ3, ಬಿ1, ಬಿ2, ಸಿ1, ಸಿ2 ಎಂಬ ಗುರುತುಗಳಲ್ಲಿ ಒಂದು ಇರುತ್ತದೆ. ಎ ವರ್ಗದವರ ಕಣ್ಣು ತಪ್ಪಿದರೆ ಪ್ರಯಾಣಿಕರ ಜೀವಕ್ಕೆ ಅಪಾಯ. ಬಿ ವರ್ಗದಲ್ಲಿ ಅಪಾಯ ನೌಕರನಿಗೆ ಮತ್ತು ಜೊತೆಯವರಿಗೆ. ಸಿ ವರ್ಗದಲ್ಲಿ ಕಚೇರಿಯ ಕೆಲಸ ಸಾಗಿದರೆ ಸಾಕು. ಸಹಾಯಕ ಲೋಕೊ ಪೈಲಟ್ ಎ1. ಸ್ಟೇಷನ್ ಮಾಸ್ಟರ್, ಗೂಡ್ಸ್ ಟ್ರೈನ್ ಮ್ಯಾನೇಜರ್ (ಹಿಂದಿನ ಗಾರ್ಡ್), ಪಾಯಿಂಟ್ಸ್‌ಮನ್ (ರೈಲು ಸಾಗುವ ಹಳಿ ಬದಲಿಸುವವರು) ಎ2. ಹಳಿ ನೋಡಿಕೊಳ್ಳುವ ಟ್ರ್ಯಾಕ್ ಮೇಂಟೇನರ್ ಬಿ1. ಗುಮಾಸ್ತ-ಟೈಪಿಸ್ಟ್ ಸಿ2.

ಎ1ಗೆ ಕನ್ನಡಕವಿಲ್ಲದೆ ಎರಡೂ ಕಣ್ಣು 6/6, ಅಂದರೆ ಪೂರ್ಣ ದೃಷ್ಟಿ, ಇರಬೇಕು. ಎರಡನೆಯ ಅಂಕಿ ಹೆಚ್ಚಿದಷ್ಟೂ ದೃಷ್ಟಿ ಕಡಿಮೆ. ಎ2ಗೆ ಕನ್ನಡಕವಿಲ್ಲದೆ ಎರಡೂ 6/9. ಎ3ಯಲ್ಲಿ ಕನ್ನಡಕ ಹಾಕಿ 6/9 ಬಂದರೂ ಆಗುತ್ತದೆ, ಆದರೆ ಪವರ್ 2 ಮೀರಬಾರದು. ಬಿ1ರಲ್ಲಿ ಒಂದು ಕಣ್ಣು 6/9, ಇನ್ನೊಂದು 6/12, ಪವರ್ 4ರವರೆಗೆ. ಲೇಸಿಕ್ (ಪವರ್ ಸರಿಪಡಿಸುವ ಲೇಸರ್ ಶಸ್ತ್ರಚಿಕಿತ್ಸೆ) ಮಾಡಿಸಿ ಕನ್ನಡಕ ಬಿಟ್ಟವರಿಗೆ ಲೋಕೊ ಪೈಲಟ್ ಹುದ್ದೆ ಇಲ್ಲ. ಈ ಕೆಲಸಕ್ಕೆಂದೇ ಆ ಶಸ್ತ್ರಚಿಕಿತ್ಸೆಗೆ ಹಣ ಸುರಿಯಬೇಡಿ.

6/6 ಇದ್ದೂ ಎ1ನಲ್ಲಿ ಫೇಲಾಗುವವರಿದ್ದಾರೆ, ಫಾಗಿಂಗ್ ಟೆಸ್ಟ್‌ನಿಂದಾಗಿ. ಕಣ್ಣಿನ ಮುಂದೆ ಪ್ಲಸ್ 2 ಪವರ್‌ನ ಗಾಜು ಇಟ್ಟು ಓದಿಸುತ್ತಾರೆ. ಸರಿಯಾದ ಕಣ್ಣಿಗೆ ಆಗ ಅಕ್ಷರ ಮಸುಕಾಗಬೇಕು. ಮಸುಕಾಗದೆ ಕೆಳಗಿನ ಸಾಲು ಸಲೀಸಾಗಿ ಓದಿದರೆ ಒಳಗೆ ಪ್ಲಸ್ ಪವರ್ ಅಡಗಿದೆ ಎಂದರ್ಥ. ಹರೆಯದ ಕಣ್ಣು ಅದನ್ನು ತನ್ನ ಬಲದಿಂದ ಮುಚ್ಚಿಡುತ್ತದೆ, ವಯಸ್ಸಾದಂತೆ ಹೊರಬೀಳುತ್ತದೆ. ಕನ್ನಡಕದ ಅಂಗಡಿಯ ಕಂಪ್ಯೂಟರ್ ಚೀಟಿಯನ್ನು ನಂಬಿ ಕೂರಬೇಡಿ. ಮಡಿಕೇರಿಯಲ್ಲೋ ಮೈಸೂರಿನಲ್ಲೋ ಕಣ್ಣಿನ ವೈದ್ಯರ ಬಳಿ ಹೋಗಿ, ‘ಫಾಗಿಂಗ್ ಟೆಸ್ಟ್ ಮತ್ತು ಇಶಿಹಾರಾ ಎರಡನ್ನೂ ಮಾಡಿ’ ಎಂದು ಬಾಯಿಬಿಟ್ಟು ಕೇಳಿ.

ಇಶಿಹಾರಾ ಎಂದರೆ ಬಣ್ಣದ ಚುಕ್ಕಿಗಳ ನಡುವೆ ಅಂಕಿ ಗುರುತಿಸುವುದು. ಕೆಂಪು-ಹಸಿರು ದೋಷ ಹುಟ್ಟಿನಿಂದ ಬರುವುದು, ಗಂಡಸರಲ್ಲಿ ಹೆಚ್ಚು, ಔಷಧಿಯಿಲ್ಲ. ಎಷ್ಟೋ ಜನರಿಗೆ ತಮಗಿದೆ ಎಂಬುದೇ ಗೊತ್ತಿರುವುದಿಲ್ಲ. ಇರುಳು ಮತ್ತು ಮಬ್ಬು ಬೆಳಕಿನ ದೃಷ್ಟಿಯನ್ನೂ ನೋಡುತ್ತಾರೆ. ಇದು ಏಕೆ ಬೇಕೆಂದು ನಮ್ಮ ಪಕ್ಕದ ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಘಾಟಿಯನ್ನು ನೆನೆದರೆ ತಿಳಿಯುತ್ತದೆ: ಸುಮಾರು 55 ಕಿಲೋಮೀಟರಿನಲ್ಲಿ 57 ಸುರಂಗ, 50 ಮೀಟರಿಗೆ 1 ಮೀಟರಿನ ಇಳಿಜಾರು, ಮೇಲೆ ಆಷಾಢದ ಮಳೆ, ಮಂಜು.

ಲೋಕೊ ಪೈಲಟ್‌ಗೆ ಮನೋಸಾಮರ್ಥ್ಯದ (ಆಪ್ಟಿಟ್ಯೂಡ್) ಕಂಪ್ಯೂಟರ್ ಪರೀಕ್ಷೆಯೂ ಉಂಟು. ಅದರ ಪ್ರತಿ ವಿಭಾಗದಲ್ಲೂ 42 ಟಿ-ಸ್ಕೋರ್ (ಇತರರ ಅಂಕಗಳಿಗೆ ಹೋಲಿಸಿ ಲೆಕ್ಕ ಹಾಕುವ ಅಂಕ) ಬೇಕು, ಯಾವ ವರ್ಗಕ್ಕೂ ರಿಯಾಯಿತಿ ಇಲ್ಲ. ಆ ದಿನ ನಿಗದಿತ ನಮೂನೆಯ ದೃಷ್ಟಿ ಪ್ರಮಾಣಪತ್ರದ ಮೂಲಪ್ರತಿ ಕೈಯಲ್ಲಿರಲಿ.

ಟ್ರ್ಯಾಕ್ ಮೇಂಟೇನರ್‌ನಂಥ ಲೆವೆಲ್-1 (ಆರಂಭದ ವೇತನಶ್ರೇಣಿಯ) ಹುದ್ದೆಗಳಿಗೆ ದೇಹದಾರ್ಢ್ಯ ಪರೀಕ್ಷೆ. ಗಂಡಸರು 35 ಕೆ.ಜಿ. ಹೊತ್ತು 100 ಮೀಟರನ್ನು 2 ನಿಮಿಷದಲ್ಲಿ ಮುಗಿಸಬೇಕು, 1000 ಮೀಟರನ್ನು 4 ನಿಮಿಷ 15 ಸೆಕೆಂಡಿನಲ್ಲಿ ಓಡಬೇಕು. ಹೆಂಗಸರಿಗೆ 20 ಕೆ.ಜಿ., ಓಟಕ್ಕೆ 5 ನಿಮಿಷ 40 ಸೆಕೆಂಡು. ಎರಡಕ್ಕೂ ಒಂದೇ ಅವಕಾಶ, ಭಾರವನ್ನು ನಡುವೆ ಇಳಿಸುವಂತಿಲ್ಲ. ತೋಟದ ಕಾಫಿ ಚೀಲದಲ್ಲಿ 35 ಕೆ.ಜಿ. ಮರಳು ತೂಗಿ ತುಂಬಿ ಅಭ್ಯಾಸ ಮಾಡಬಹುದು. ಓಟದಲ್ಲಿ ನಮ್ಮ ರಸ್ತೆಗಳೇ ಮೋಸ ಮಾಡುತ್ತವೆ. ಇಳಿಜಾರಿನಲ್ಲಿ ಓಡಿ ಸಮಯ ಸಾಕಾಯಿತು ಎಂದುಕೊಂಡವರು ಮಟ್ಟದ ನೆಲದಲ್ಲಿ ಹಿಂದೆ ಬೀಳುತ್ತಾರೆ. ಶಾಲೆಯ ಮೈದಾನದಲ್ಲಿ ಟೇಪು ಹಿಡಿದು 200 ಮೀಟರ್ ಅಳೆದುಕೊಳ್ಳಿ. ಗಂಡಸರಿಗೆ ಪ್ರತಿ ಸುತ್ತು 51 ಸೆಕೆಂಡು, ಅಂಥ ಐದು ಸುತ್ತು. ಮೊದಲ ಸುತ್ತನ್ನೇ 40 ಸೆಕೆಂಡಿನಲ್ಲಿ ಓಡಿದವರ ಕಾಲು ನಾಲ್ಕನೆಯದರಲ್ಲಿ ಸೋಲುತ್ತದೆ.