ಮಳೆಗಾಲಕ್ಕೆ ಮುಂಚೆ ಕಾಗದಪತ್ರ ಕಟ್ಟಿಡುವುದು ಹೇಗೆ?

2005ರ ಜುಲೈ 26ರಂದು ಮುಂಬೈನ ಸಾಂತಾಕ್ರೂಝ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ಕುರ್ಲಾದ ನಮ್ಮ ನೆಲಮಹಡಿ ಮನೆಗೆ ಮೀಠಿ ನದಿಯ ನೀರು ನುಗ್ಗಿ ಸೊಂಟದವರೆಗೆ ನಿಂತಿತ್ತು. ಅಮ್ಮ ಕಾಗದಪತ್ರವನ್ನೆಲ್ಲ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಜೋಪಾನವಾಗಿಯೇ ಇಟ್ಟಿದ್ದರು. ಆದರೆ ಕಪಾಟಿನ ತೀರಾ ಕೆಳಗಿನ ಖಾನೆಯಲ್ಲಿ! ನೀರಿಳಿದ ಮೇಲೆ ಬಿಚ್ಚಿದರೆ, ಅಪ್ಪನ ಮಾರ್ಕ್ಸ್ ಕಾರ್ಡಿನ ನೀಲಿ ಶಾಯಿ ಊರಿನ ಜಮೀನು ಪತ್ರದ ಮೇಲೆಲ್ಲ ಹರಡಿತ್ತು. ಇಂದಿಗೂ ಸಯನ್, ಡೊಂಬಿವಲಿಯ ನೆಂಟರ ಮನೆಗಳಲ್ಲಿ ಅದೇ ಕೆಳಗಿನ ಖಾನೆ ನೋಡುತ್ತೇನೆ.

ಮೊದಲು ಎಲ್ಲದರ ಫೋಟೋ ತೆಗೆದು ಊರಿನಲ್ಲಿರುವ ಒಬ್ಬರಿಗೆ ಕಳಿಸಿ. ಆಧಾರ್‌ನಂಥವು ಸರ್ಕಾರದ ಡಿಜಿಲಾಕರ್ ಆ್ಯಪ್‌ನಲ್ಲಿರಲಿ.

ಇನ್ನು ಕಟ್ಟುವ ಕೆಲಸ. ಹೆಚ್ಚಿನವರು ಎಡವುವುದು ಇಲ್ಲೇ. ಲೋಕಲ್ ಟ್ರೈನಿನಲ್ಲಿ ಸಿಗುವ ತೆಳು ಜಿಪ್ ಪೌಚ್ ಬೇಡ, ಮೂಲೆಯಲ್ಲೇ ಬಾಯಿ ಬಿಡುತ್ತದೆ. ಲ್ಯಾಮಿನೇಶನ್ ಅಂತೂ ಬೇಡವೇ ಬೇಡ. ಅಂಚು ಸ್ವಲ್ಪ ಬಿಟ್ಟರೂ ನೀರು ಒಳಗೆ ಹೋಗುತ್ತದೆ, ಆಮೇಲೆ ಕಾಗದವನ್ನು ಹೊರಗೆ ತೆಗೆದು ಒಣಗಿಸೋಕೂ ಆಗಲ್ಲ. ದಪ್ಪನೆಯ ಎರಡು ಜಿಪ್ ಬ್ಯಾಗ್ ತನ್ನಿ. ಕಾಗದ ಇಡುವ ಮುಂಚೆ ಪ್ರತಿಯೊಂದರಲ್ಲೂ ಹಳೆ ಪೇಪರಿನ ತುಂಡು ಹಾಕಿ, ಬಕೆಟ್ ನೀರಿನಲ್ಲಿ ಮುಳುಗಿಸಿ, ಮೇಲೆ ಕಲ್ಲಿಟ್ಟು ಒಂದು ಗಂಟೆ ಬಿಡಿ. ಪೇಪರಿನ ಒಂದು ಮೂಲೆ ಒದ್ದೆಯಾದರೂ ಆ ಬ್ಯಾಗ್ ಬೇಡ. ಪಾಸಾದರೆ ಪಗಡಿ (ಹಳೇ ಬಾಡಿಗೆ ಮನೆಗೆ ಕೊಟ್ಟ ಮುಂಗಡ) ರಸೀದಿ, ಮನೆ ಅಗ್ರಿಮೆಂಟ್, ರೇಷನ್ ಕಾರ್ಡ್ ಒಳಗಿಟ್ಟು, ಅಂಗೈಯಿಂದ ಒತ್ತಿ ಗಾಳಿ ಹೊರಹಾಕಿ, ಜಿಪ್ ಮೇಲೆ ಎರಡು ಸಲ ಬೆರಳೆಳೆಯಿರಿ. ಅದನ್ನು ಎರಡನೇ ಬ್ಯಾಗಿಗೆ ತಲೆಕೆಳಗಾಗಿ ಹಾಕಿ. ಒಳಗಿನ ಬಾಯಿ ಹೊರಗಿನ ತಳಕ್ಕೆ ಬರಬೇಕು. ಆಮೇಲೆ ಲಾಫ್ಟ್‌ಗೆ, ಅಂದರೆ ಮೇಲಿನ ಅಟ್ಟಕ್ಕೆ. ಅಲ್ಲೂ ಮೂಲೆಗೆ ತಳ್ಳಬೇಡಿ. ಕತ್ತಲಲ್ಲಿ ಕೈಚಾಚಿದರೆ ಸಿಗುವಂತೆ ಅಂಚಿನಲ್ಲೇ ಇರಲಿ, ಅಲ್ವಾ?

ಪಕ್ಕದಲ್ಲೇ ಟಾರ್ಚ್, ಓಆರ್‌ಎಸ್, ದಿನನಿತ್ಯದ ಮಾತ್ರೆ, ಚಿಲ್ಲರೆ ಹಣ.

ನೀರು ಹೊಸಿಲಿಗೆ ಬರುವ ಮುಂಚೆಯೇ ಮೇನ್ ಸ್ವಿಚ್ ಆಫ್ ಮಾಡಿ, ಗ್ಯಾಸ್ ರೆಗ್ಯುಲೇಟರ್ ಮುಚ್ಚಿ. ಒದ್ದೆ ನೆಲದಲ್ಲಿ ನಿಂತು ಸ್ವಿಚ್ ಮುಟ್ಟಲೇಬೇಡಿ. ಪಾಲಿಕೆ ಕೊಡುವ ಸಮುದ್ರದ ಭರತದ (ಉಬ್ಬರದ) ಪಟ್ಟಿಯನ್ನು ಫ್ರಿಜ್ ಮೇಲೆ ಅಂಟಿಸಿ. ಸಮುದ್ರ 4.5 ಮೀಟರ್‌ಗಿಂತ ಜಾಸ್ತಿ ಏರುವ ಹೊತ್ತಿಗೇ ಜೋರು ಮಳೆ ಬಂದರೆ ಚರಂಡಿಯ ನೀರಿಗೆ ಹೋಗಲು ದಾರಿಯೇ ಇರುವುದಿಲ್ಲ. ಅಂಥ ದಿನ ಕುಡಿಯುವ ನೀರು ಬೆಳಗ್ಗೆಯೇ ತುಂಬಿಡಿ. ಪಾಲಿಕೆಯ ಸಹಾಯವಾಣಿ 1916, ಪೊಲೀಸ್‌ಗೆ 112. ಎರಡನ್ನೂ ಗೋಡೆಯ ಮೇಲೆ ಬರೆದಿಡಿ.

ಕೊಳಕು ನೀರಿನಲ್ಲಿ ನಡೆದು ಬಂದವರು ಕಾಲು ಸೋಪಿನಿಂದ ತೊಳೆಯಿರಿ. ಗಾಯವಿದ್ದರೆ ಸುಮ್ನೆ ಅರಿಶಿನ ಹಚ್ಚಿ ಕೂರಬೇಡಿ. ಆ ನೀರಿನಲ್ಲಿ ಬೆರೆತ ಇಲಿ ಮೂತ್ರದಿಂದ ಲೆಪ್ಟೋ (ಇಲಿ ಜ್ವರ) ಬರುತ್ತದೆ. ಜ್ವರ ಬರಲಿ ಎಂದು ಕಾಯದೆ ಮೂರು ದಿನದೊಳಗೆ ಡಾಕ್ಟರಿಗೆ ತೋರಿಸಿ.